ದೊಡ್ಡ ಹಾಲ್‌ಗೆ ಟವರ್ ಸ್ಪೀಕರ್: ಕಿವಿ ನಿಮ್ಮದು, ಆಯ್ಕೆಯೂ ನಿಮ್ಮದಾಗಲಿ

ಹೊಸ ಮನೆ ಕಟ್ಟಿಸುವಾಗ ಅಡುಗೆಮನೆ ಕಟ್ಟೆ ಎಷ್ಟೆತ್ತರ ಇರಬೇಕು, ಹಾಲ್‌ಗೆ ಯಾವ ಬಣ್ಣದ ಕರ್ಟನ್, ದೇವರಮನೆ ಬಾಗಿಲಿಗೆ ಗಂಟೆ ಬೇಕೋ ಬೇಡವೋ ಎಂದು ಮನೆಯೊಡತಿಯನ್ನು ಕೇಳಿಯೇ ಮುಂದುವರಿಯುತ್ತಾರೆ. ಆದರೆ ಸ್ಪೀಕರ್ ತರುವ ದಿನ ಮಾತ್ರ ಅಪ್ಪ, ಮಗ ಇಬ್ಬರೇ ಹೊರಟುಬಿಡುತ್ತಾರೆ. ‘ಅದೆಲ್ಲ ಟೆಕ್ನಿಕಲ್ ವಿಷ್ಯ, ನಿಂಗೆ ಗೊತ್ತಾಗಲ್ಲ ಬಿಡು’ ಅನ್ನೋ ಮಾತು ಬೇರೆ!

ಸಂಜೆ ಬಂದಿಳಿಯುತ್ತವೆ ನೋಡಿ, ಎದೆಮಟ್ಟದ ಎರಡು ಪೆಟ್ಟಿಗೆಗಳು. ಮೊದಲ ವಾರ ನೆಂಟರಿಷ್ಟರಿಗೆಲ್ಲ ಕೇಳಿಸಿದ್ದೇ ಕೇಳಿಸಿದ್ದು. ಎರಡನೇ ತಿಂಗಳಿಗೆ ‘ಸೌಂಡ್ ಕಮ್ಮಿ ಮಾಡ್ರೀ, ತಲೆನೋವು ಬರ್ತಿದೆ’ ಎಂಬ ಜಗಳ. ಆರನೇ ತಿಂಗಳಿಗೆ ಅದರ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೊಂದು ಹೂದಾನಿ. 50 ಸಾವಿರ ರೂಪಾಯಿ ಹೂದಾನಿ ಸ್ಟ್ಯಾಂಡ್ ಆಗಿ ನಿಂತಿರುತ್ತದೆ!

ಬೆಳಗಿನ ಸುಪ್ರಭಾತದಿಂದ ರಾತ್ರಿಯ ಧಾರಾವಾಹಿವರೆಗೆ ಹಾಲ್‌ನ ಸದ್ದನ್ನು ಹೆಚ್ಚು ಹೊತ್ತು ಕೇಳುವವರು ನಾವೇ ಅಲ್ಲವೇ? ಕುಕ್ಕರ್ ಸೀಟಿಯ ನಡುವೆಯೂ ಮಗು ಅತ್ತದ್ದನ್ನು ಗುರುತಿಸುವ, ಸಾಸಿವೆ ಚಟಪಟ ಅನ್ನುವುದನ್ನು ಕೇಳಿಯೇ ಉರಿ ತಗ್ಗಿಸುವ ಕಿವಿಗೆ ಸ್ಪೀಕರ್ ಒಳ್ಳೆಯದೋ ಕೆಟ್ಟದೋ ಗೊತ್ತಾಗದೇ ಇರುತ್ತದೆಯೇ? ಬೇಕಾದ್ದು ನಾಲ್ಕಾರು ಪದಗಳ ಪರಿಚಯ, ಅಷ್ಟೇ.

ನಿಜವಾಗಿ ಟವರ್ ಬೇಕೇ?

ನೆಲದ ಮೇಲೆ ತಾನೇ ನಿಲ್ಲುವ, ಮೂರು–ಮೂರೂವರೆ ಅಡಿ ಎತ್ತರದ ಸ್ಪೀಕರ್‌ಗೆ ‘ಫ್ಲೋರ್‌ಸ್ಟ್ಯಾಂಡಿಂಗ್’ ಅಥವಾ ‘ಟವರ್’ ಅಂತಾರೆ. ಮೇಜು, ಸ್ಟ್ಯಾಂಡಿನ ಮೇಲೆ ಇಡುವ ಚಿಕ್ಕದು ‘ಬುಕ್‌ಶೆಲ್ಫ್’. ಸದ್ದು ಎಂದರೆ ಗಾಳಿಯ ಅಲುಗಾಟ. ವೀಣೆಯ ಮಂದ್ರ ಸ್ವರ, ಮೃದಂಗದ ಎಡಭಾಗದ ಗುಂಕಿ ದೊಡ್ಡ ಕೋಣೆಯನ್ನು ತುಂಬಬೇಕಾದರೆ ಹೆಚ್ಚು ಗಾಳಿ ಅಲುಗಬೇಕು. ಚಿಕ್ಕ ಪೆಟ್ಟಿಗೆಯ ಒಂದೇ ವೂಫರ್‌ಗೆ ಅದು ಕಷ್ಟ. ಟವರ್‌ನಲ್ಲಿ ಪೆಟ್ಟಿಗೆಯೂ ದೊಡ್ಡದು, ಸಾಮಾನ್ಯವಾಗಿ ವೂಫರ್‌ಗಳೂ ಎರಡೋ ಮೂರೋ ಇರುತ್ತವೆ.

ಹಾಗಂತ ಎಲ್ಲ ಮನೆಗೂ ಇದು ಬೇಕಿಲ್ಲ. ಹಾಲ್ 10x12 ಅಡಿ ಇದ್ದರೆ ಟವರ್ ತಂದು ಗುಂಯ್‌ಗುಡಿಸಿಕೊಳ್ಳಬೇಡಿ, ಒಳ್ಳೆಯ ಬುಕ್‌ಶೆಲ್ಫ್ ಜೋಡಿ ಸಾಕು. ಹಾಲ್ 15x20 ಅಡಿ ಇದ್ದು, ಊಟದ ಜಾಗವೂ ಅದಕ್ಕೇ ತೆರೆದುಕೊಂಡಿದ್ದರೆ ಟವರ್ ತಂದದ್ದಕ್ಕೆ ಅರ್ಥವಿದೆ. ಅಳತೆ ಹಾಕುವಾಗ ಸೋಫಾ ಇರುವ ಜಾಗವನ್ನಷ್ಟೇ ಲೆಕ್ಕ ಹಿಡಿಯಬೇಡಿ. ಮಹಡಿಗೆ ಹೋಗುವ ಮೆಟ್ಟಿಲು, ಡ್ಯೂಪ್ಲೆಕ್ಸ್ ಮನೆಯ ಎತ್ತರದ ಸೂರು, ಬಾಗಿಲಿಲ್ಲದ ಅಡುಗೆಮನೆ... ಸದ್ದಿಗೆ ಇವೆಲ್ಲ ಒಂದೇ ಕೋಣೆ.

ಇನ್ನೊಂದು ಮಾತು. ಬಣ್ಣದ ಲೈಟು ಮಿನುಗುವ, ಮೈಕ್ ಜೊತೆಗೆ ಬರುವ ‘ಪಾರ್ಟಿ ಟವರ್’ಗಳೂ ಅಂಗಡಿಯಲ್ಲಿ ಇರುತ್ತವೆ. ಬರ್ತ್‌ಡೇಗೆ ಅವು ಚೆನ್ನ. ಕೂತು ಸಂಗೀತ ಕೇಳುವುದಕ್ಕೆ ಮಾಡಿದವು ಬೇರೆಯೇ. ಇವುಗಳಲ್ಲಿ ಹೆಚ್ಚಿನವಕ್ಕೆ ಕರೆಂಟ್ ಪ್ಲಗ್ ಇರುವುದಿಲ್ಲ; ಆಂಪ್ಲಿಫೈಯರ್ ಬೇರೆ ಕೊಳ್ಳಬೇಕು. ಬಜೆಟ್ ಹಾಕುವಾಗ ಇದನ್ನು ಮರೆತರೆ ಆಮೇಲೆ ಚೀಟಿ ದುಡ್ಡಿಗೆ ಕೈ ಹಾಕಬೇಕಾದೀತು!

ವಾಟ್ ಎಂಬ ಮಾಯೆ

‘ಮೇಡಂ, ಇದು ಸಾವಿರ ವಾಟ್’ ಎಂದಕೂಡಲೇ ಮನೆಯ ಗಂಡಸರ ಕಣ್ಣು ಅರಳುತ್ತದೆ. ಪೆಟ್ಟಿಗೆ ಮೇಲೆ ‘ಪಿಎಂಪಿಒ’ ಎಂದು ಬರೆದ ಭಾರಿ ಸಂಖ್ಯೆ ಕಂಡರೆ ಅದನ್ನು ಅಲ್ಲೇ ಬಿಡಿ. ಅದು ಕ್ಷಣಮಾತ್ರದ ಉಬ್ಬಿಸಿದ ಲೆಕ್ಕ. ಒಂದೇ ಸಮನೆ ಕೊಡಬಲ್ಲ ಶಕ್ತಿಯನ್ನು ‘ಆರ್‌ಎಂಎಸ್’ ಎಂದು ಬರೆದಿರುತ್ತಾರೆ. ಕೇಳಬೇಕಾದ್ದು ಅದನ್ನು.

ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಖ್ಯೆ ಇದೆ: ‘ಸೆನ್ಸಿಟಿವಿಟಿ’. ಸ್ಕೂಟರ್‌ಗೆ ಮೈಲೇಜ್ ಇದ್ದಂತೆ ಸ್ಪೀಕರ್‌ಗೆ ಇದು. 1 ವಾಟ್ ಶಕ್ತಿ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಲೆಕ್ಕ. ಒಂದು ಜೋಡಿಯದು 87, ಇನ್ನೊಂದರದು 90 ಎಂದಿಟ್ಟುಕೊಳ್ಳಿ. ಮೂರೇ ತಾನೇ ವ್ಯತ್ಯಾಸ ಅಂದ್ಕೋಬೇಡಿ. ಮೊದಲಿನದಕ್ಕೆ 100 ವಾಟ್ ಬೇಕಾದ ಕಡೆ ಎರಡನೆಯದಕ್ಕೆ 50 ಸಾಕು! ವಾಟ್ ದುಪ್ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ ‘ಎರಡರಷ್ಟು ಜೋರಾಯ್ತು’ ಅನಿಸಬೇಕಾದರೆ ಸುಮಾರು 10 ಪಟ್ಟು ಶಕ್ತಿ ಬೇಕು.

ದೊಡ್ಡ ಹಾಲ್‌ನಲ್ಲಿ ಸೋಫಾ 12 ಅಡಿ ದೂರ ಇರುತ್ತದೆ. ದೂರ ಹೆಚ್ಚಿದಂತೆ ಸದ್ದು ಸೊರಗುತ್ತದೆ. ಹಾಗಾಗಿ 88–90 ಅಥವಾ ಅದಕ್ಕಿಂತ ಹೆಚ್ಚು ಸೆನ್ಸಿಟಿವಿಟಿ ಇರುವ ಜೋಡಿ ಆರಿಸಿದರೆ ಸಾಧಾರಣ ಬೆಲೆಯ 50–60 ವಾಟ್ ಆಂಪ್ಲಿಫೈಯರ್ ಸಾಕಾಗುತ್ತದೆ. ಹಣ ಉಳಿಯುವುದು ಇಲ್ಲೇ. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಕಹಳೆ ಮಾದರಿಯ ಸ್ಪೀಕರ್ ಕಂಪನಿ ಶುರು ಮಾಡಿದ್ದರ ಹಿಂದೆಯೂ ಇದೇ ಲೆಕ್ಕ ಇತ್ತು. ಆಗಿನ ಆಂಪ್ಲಿಫೈಯರ್‌ಗಳಿಗೆ ಹೆಚ್ಚು ವಾಟ್ ಇರಲಿಲ್ಲ. ನಮ್ಮ ನಾಗಸ್ವರ ಮೈಕ್ ಇಲ್ಲದೆಯೇ ಇಡೀ ಕಲ್ಯಾಣ ಮಂಟಪಕ್ಕೆ ಕೇಳಿಸುವುದಿಲ್ಲವೇ, ಹಾಗೆ!

ಹಿಂಬದಿಯಲ್ಲಿ ‘ಓಮ್’ ಎಂದೂ ಬರೆದಿರುತ್ತಾರೆ. 6 ಅಥವಾ 8 ಓಮ್ ಇದ್ದರೆ ಹೆಚ್ಚಿನ ಆಂಪ್ಲಿಫೈಯರ್‌ಗಳಿಗೆ ಸಲೀಸು. 4 ಓಮ್‌ನದಕ್ಕೆ ಗಟ್ಟಿಮುಟ್ಟಾದ, ದುಬಾರಿ ಆಂಪ್ಲಿಫೈಯರ್ ಬೇಕಾಗಬಹುದು. ಆಂಪ್ಲಿಫೈಯರ್ ತೀರಾ ಚಿಕ್ಕದಾಗಿ, ಅದನ್ನು ಪೂರ್ತಿ ತಿರುಗಿಸಿ ಕರಕರ ಅನ್ನಿಸಿದರೂ ತೊಂದರೆಯೇ. ಸಣ್ಣ ಸ್ವರಗಳನ್ನು ನುಡಿಸುವ ‘ಟ್ವೀಟರ್’ ಸುಟ್ಟುಹೋಗುವುದು ಎಷ್ಟೋ ಸಲ ಹೀಗೇ.

ದುಡ್ಡು ಎಲ್ಲಿ ಹಾಕಬೇಕು?

ಪೋಲ್ಕ್, ವಾರ್ಫ್‌ಡೇಲ್, ಡಾಲಿ, ಎಲಾಕ್, ಯಮಹಾ, ಕ್ಲಿಪ್ಶ್ ಹೀಗೆ ಹಲವು ಕಂಪನಿಗಳ ಟವರ್‌ಗಳಿವೆ. ಮಧ್ಯಮ ವರ್ಗದ ಕೈಗೆಟುಕುವವು ಹೆಚ್ಚುಕಡಿಮೆ ಜೋಡಿಗೆ 30 ಸಾವಿರದಿಂದ 70 ಸಾವಿರದೊಳಗೆ ಸಿಗುತ್ತವೆ. ಒಂದು ಎಚ್ಚರಿಕೆ: ಕೆಲವು ಕಡೆ ಹಾಕಿರುವ ಬೆಲೆ ಒಂದೇ ಸ್ಪೀಕರ್‌ದು! ‘ಇದು ಒಂದಕ್ಕೋ, ಜೋಡಿಗೋ?’ ಎಂದು ಬಾಯಿಬಿಟ್ಟು ಕೇಳಿ.

ಅಷ್ಟೇ ದುಡ್ಡಿಗೆ ಐದು ಸ್ಪೀಕರ್, ಒಂದು ಸಬ್‌ವೂಫರ್, ಆಂಪ್ಲಿಫೈಯರ್ ಎಲ್ಲ ಸೇರಿದ ಸೆಟ್ಟನ್ನೂ ತೋರಿಸುತ್ತಾರೆ. ಲೆಕ್ಕ ಹಾಕಿ ನೋಡಿ. 60 ಸಾವಿರವನ್ನು ಏಳು ಪೆಟ್ಟಿಗೆಗೆ ಹಂಚಿದರೆ ಒಂದೊಂದಕ್ಕೆ ಬಂದದ್ದೆಷ್ಟು? ಚಿಕ್ಕ ಕೋಣೆಗೆ ಅದು ನಡೆದೀತು. ದೊಡ್ಡ ಹಾಲ್‌ನಲ್ಲಿ, ಅದರಲ್ಲೂ ಸಂಗೀತ ಹೆಚ್ಚು ಕೇಳುವ ಮನೆಯಲ್ಲಿ, ಎರಡೇ ಒಳ್ಳೆ ಟವರ್ ಮೇಲು. ಸಿನಿಮಾ ಆಸೆ ಇದ್ದರೆ ಮುಂದೆ ಉಳಿದವನ್ನು ಜೋಡಿಸಲು ಬರುವಂಥ ರಿಸೀವರ್ ಕೊಂಡರಾಯಿತು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ವೂಫರ್ ಸುತ್ತ ಇರುವ ಅಂಚನ್ನು ಬೆರಳಿನಿಂದ ಮೃದುವಾಗಿ ಮುಟ್ಟಿ ನೋಡಿ. ಅದು ಫೋಮ್‌ನದಾಗಿದ್ದರೆ ವರ್ಷಗಳು ಕಳೆದಂತೆ ಪುಡಿಪುಡಿ ಆಗುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಬೇಗ. ರಬ್ಬರಿನ ಅಂಚು ಹೆಚ್ಚು ಬಾಳಿಕೆ.

ಅಂಗಡಿಯಲ್ಲಿ ನಿಮ್ಮ ಕಿವಿಗೆ ಪರೀಕ್ಷೆ

ಅಂಗಡಿಯವರು ಹಾಕುವ ಬಾಂಬು, ಹೆಲಿಕಾಪ್ಟರ್ ಸದ್ದಿಗೆ ಮರುಳಾಗಬೇಡಿ. ಹೆಲಿಕಾಪ್ಟರ್ ನಿಜವಾಗಿ ಹೇಗೆ ಕೇಳಿಸುತ್ತದೆ ಎಂದು ನಮಗೇನು ಗೊತ್ತು? ಗೊತ್ತಿರುವುದು ಮನುಷ್ಯರ ದನಿ. ನೀವು ನೂರಾರು ಸಲ ಕೇಳಿದ ಹಾಡುಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಎಂ.ಎಸ್. ಸುಬ್ಬುಲಕ್ಷ್ಮಿ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ರಾಜ್‌ಕುಮಾರ್, ಸಿ. ಅಶ್ವತ್ಥ್... ಯಾರಾದರೂ ಸರಿ. ದನಿ ಮೂಗಿನಿಂದ ಬಂದಂತಿದೆಯೇ? ಡಬ್ಬಿಯೊಳಗಿಂದ ಬಂದಂತಿದೆಯೇ? ‘ಸ’, ‘ಶ’ ಅಕ್ಷರಗಳು ಸೂಜಿಯಂತೆ ಚುಚ್ಚುತ್ತಿವೆಯೇ? ಮೃದಂಗದ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿಸುತ್ತಿದೆಯೋ, ಬರೀ ದಡಬಡ ಅನ್ನುತ್ತಿದೆಯೋ?

ಎರಡು ಜೋಡಿ ಹೋಲಿಸುವಾಗ ಎರಡನ್ನೂ ಒಂದೇ ಮಟ್ಟದ ಸದ್ದಿನಲ್ಲಿ ಕೇಳಿಸಿ ಎನ್ನಿ. ತುಸು ಜೋರಾಗಿ ಇಟ್ಟದ್ದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ. ಆಮೇಲೆ ಸಣ್ಣಗೆ ಇಡಿಸಿ. ಮನೆಯಲ್ಲಿ ನಾವು ಹೆಚ್ಚು ಕೇಳುವುದು ಸಣ್ಣಗೇ. ಆಗಲೂ ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು. ಅರ್ಧ ಗಂಟೆ ಕುಳಿತೇ ಕೇಳಿ. ಸೀರೆ ಅಂಗಡಿಯಲ್ಲಿ ಎರಡು ಗಂಟೆ ಕೂರುವ ನಮಗೆ ಇದೇನು ಮಹಾ? ಎದ್ದಾಗ ತಲೆ ಭಾರ ಅನಿಸಿದರೆ ಆ ಜೋಡಿ ಬೇಡ, ಬೆಲೆ ಎಷ್ಟೇ ಕಡಿಮೆ ಇರಲಿ.

ಅರ್ಧ ಸ್ಪೀಕರ್, ಅರ್ಧ ಕೋಣೆ

ಹಾಲ್ ಮಧ್ಯೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟ್ರಿಂಗ್’ ಎಂಬ ಮಾರ್ದನಿ ಬಂತೇ? ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ದೊಡ್ಡ ಗಾಜಿನ ಕಿಟಕಿ, ಖಾಲಿ ಗೋಡೆ ಸದ್ದನ್ನು ಚೆಂಡಿನಂತೆ ಪುಟಿಸುತ್ತವೆ. ಇಂಥ ಕೋಣೆಯಲ್ಲಿ ಲಕ್ಷ ರೂಪಾಯಿ ಸ್ಪೀಕರ್ ಕೂಡ ಬಸ್‌ಸ್ಟ್ಯಾಂಡ್ ಅನೌನ್ಸ್‌ಮೆಂಟ್ ಥರ ಕೇಳಿಸುತ್ತದೆ. ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆ ತುಂಬಿದ ಭಾರದ ಕರ್ಟನ್, ಗೋಡೆಗೆ ಪುಸ್ತಕದ ಕಪಾಟು, ಬಟ್ಟೆ ಹೊದಿಕೆಯ ಸೋಫಾ. ದುಬಾರಿ ಸ್ಪೀಕರ್‌ಗೆ ಇನ್ನೂ 20 ಸಾವಿರ ಸುರಿಯುವ ಮೊದಲು ಇಷ್ಟನ್ನು ಮಾಡಿ ನೋಡಿ.

ಜಾಗ ಕಟ್ಟುತ್ತದೆ ಅಂತ ಟವರ್‌ಗಳನ್ನು ಮೂಲೆಗೆ ತಳ್ಳುವುದು ಬೇಡ. ಮೂಲೆಯಲ್ಲಿ ತಗ್ಗು ಸ್ವರಗಳು ಉಬ್ಬಿ ಎಲ್ಲವೂ ಗುಂಯ್ ಅನ್ನುತ್ತದೆ. ಹಿಂದಿನ ಗೋಡೆಯಿಂದ ಒಂದೂವರೆ, ಎರಡು ಅಡಿಯಾದರೂ ಮುಂದೆ ಇರಲಿ. ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸೇರಿ ಹೆಚ್ಚುಕಡಿಮೆ ಸಮಭುಜ ತ್ರಿಕೋನ ಆಗಬೇಕು. ಕೂತಾಗ ಟ್ವೀಟರ್ ಕಿವಿಯ ಮಟ್ಟಕ್ಕೆ ಬಂದರೆ ಸರಿ. ತಂತಿ ಹಾಕುವಾಗ ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಉಲ್ಟಾ ಆದರೂ ಮೃದಂಗವೇ ಮಾಯ! ಸ್ಪೀಕರ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮುನ್ನ ಇದನ್ನು ನೋಡಿ.

ಮನೆಗೆ ಬಂದ ಮೇಲೆ

ಸ್ಪೀಕರ್ ಪೆಟ್ಟಿಗೆಗಳು ಹೆಚ್ಚಾಗಿ ಎಂಡಿಎಫ್‌ನವು. ನೆಲ ಒರೆಸುವ ನೀರು ದಿನಾ ತಾಗಿದರೆ ಬುಡ ಉಬ್ಬುತ್ತದೆ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಇದ್ದರೆ ಅದರ ಮೇಲೆ ನಿಲ್ಲಿಸಿ. ನೀರೂ ತಾಗದು, ಸ್ಪೀಕರ್ ಅಲುಗಾಡದು. ಕೆಳಗಿನ ಮೊಳೆಯಂಥ ಕಾಲುಗಳು ನೆಲ ಗೀಚದಂತೆ ಅಡಿಗೆ ಬಿಲ್ಲೆ ಇಡಿ. ಗಾಳಿ ಬರುವ ರಂಧ್ರ ಜಿರಲೆ, ಇಲಿಮರಿಗಳಿಗೆ ಒಳ್ಳೆ ಬಿಡಾರ! ಊರಿಗೆ ಹೋಗುವಾಗ ಅದಕ್ಕೆ ಸ್ಪಾಂಜ್ ತುರುಕಿ, ಬಂದ ಮೇಲೆ ತೆಗೆಯಿರಿ.

ಪುಟ್ಟ ಮಕ್ಕಳಿದ್ದರೆ ಎಚ್ಚರ. ಎತ್ತರದ, 15–20 ಕೆಜಿ ತೂಕದ ಪೆಟ್ಟಿಗೆ ಹಿಡಿದು ಎದ್ದು ನಿಲ್ಲುವ ವಯಸ್ಸಿನ ಮಗುವಿನ ಮೇಲೆ ಮಗುಚಬಹುದು. ಅಗಲ ಪಾದದ ಮಾದರಿ ಆರಿಸಿ, ಅಥವಾ ಹಿಂಬದಿಯಿಂದ ಗೋಡೆಗೆ ಪಟ್ಟಿ ಬಿಗಿಸಿ. ಮುಂದಿನ ಬಟ್ಟೆಯ ಜಾಲರಿ ತೆಗೆಯಬೇಡಿ. ಟ್ವೀಟರ್ ಒತ್ತಿ ಒಳಗೆ ತಳ್ಳುವುದು ಮಕ್ಕಳಿಗೆ ಬಲು ಇಷ್ಟದ ಆಟ.

ದೊಡ್ಡ ಸ್ಪೀಕರ್ ಇದೆ ಅಂತ ದೊಡ್ಡದಾಗಿಯೇ ಇಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಂತೆ ಆ ಹೊತ್ತು ಬೇಗ ಬೇಗ ಕಡಿಮೆಯಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್ ಎಂದಿದೆ. ಪಕ್ಕದ ಮನೆ ಹುಡುಗಿಗೆ ಪರೀಕ್ಷೆ ಇದೆ ಎಂಬುದು ನೆನಪಿದ್ದರೆ ನಿಯಮದ ಪುಸ್ತಕವೇ ಬೇಡ, ಅಲ್ವೇ?

ಅಂಗಡಿಗೆ ಹೊರಡುವ ಮುನ್ನ

* ಹಾಲ್‌ನ ಉದ್ದ, ಅಗಲ, ಎತ್ತರ, ಸೋಫಾ ದೂರ ಅಳೆದು ಬರೆದುಕೊಳ್ಳಿ.
* ಆಂಪ್ಲಿಫೈಯರ್, ತಂತಿ ಸೇರಿಸಿ ಒಟ್ಟು ಬಜೆಟ್ ಹಾಕಿ.
* ಕೇಳಬೇಕಾದ ಪ್ರಶ್ನೆಗಳು: ಸೆನ್ಸಿಟಿವಿಟಿ ಎಷ್ಟು? ಎಷ್ಟು ಓಮ್? ಆರ್‌ಎಂಎಸ್ ಎಷ್ಟು? ಬೆಲೆ ಜೋಡಿಗೋ?
* ನಿಮಗಿಷ್ಟವಾದ ಐದು ಹಾಡು ಜೊತೆಗಿರಲಿ.
* ಮನೆಯಲ್ಲಿ ಇಟ್ಟು ಕೇಳಲು ಕೊಡುತ್ತಾರೆಯೇ, ಸರಿಹೋಗದಿದ್ದರೆ ಬದಲಿಸುತ್ತಾರೆಯೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.
* ಡೆಮೊ ಪೀಸ್ ಕಡಿಮೆ ಬೆಲೆಗೆ ಸಿಕ್ಕರೆ ವಾರಂಟಿ ಪೂರ್ತಿ ಇದೆಯೇ ನೋಡಿ.

ಅಂಗಡಿಯವ ನಿಮ್ಮ ಯಜಮಾನರ ಮುಖ ನೋಡಿಯೇ ಎಲ್ಲ ವಿವರಿಸುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ. ‘ಇದರ ಸೆನ್ಸಿಟಿವಿಟಿ ಎಷ್ಟಪ್ಪಾ?’ ಎಂದು ಒಮ್ಮೆ ಕೇಳಿ ನೋಡಿ. ಆಮೇಲೆ ಮಾತೆಲ್ಲ ನಿಮ್ಮ ಕಡೆಗೇ ತಿರುಗುತ್ತದೆ!