ಉದ್ದ ಹಗಲಿನ ಕತ್ತಲು

ಆರಿದ್ರಾ ಮಳೆ ಹಿಡಿಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಮಧ್ಯಾಹ್ನಕ್ಕೂ ಸಂಜೆಗೂ ವ್ಯತ್ಯಾಸ ತಿಳಿಯದು. ಕೊಡಗು, ವಯನಾಡಿನ ಕಡೆಯಿಂದ ಬಂದ ಮೋಡ ನೆತ್ತಿಯ ಮೇಲೆಯೇ ಕುಳಿತುಬಿಡುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕೆ.ಆರ್. ನಗರದ ಬಯಲಲ್ಲಿ ಮಳೆ ಕಡಿಮೆ ಇರಬಹುದು, ಮೋಡಕ್ಕೆ ಬರವಿಲ್ಲ. ಮೊದಲ ಪೀರಿಯಡ್ಡಿನಲ್ಲೇ ಮಕ್ಕಳ ಆಕಳಿಕೆ ಶುರುವಾಗುವುದು ಈ ದಿನಗಳಲ್ಲೇ. ‘ಎಬ್ಬಿಸಿದರೂ ಏಳಲ್ಲ ಸಾರ್, ಕೇಳಿದ್ದಕ್ಕೆ ಉತ್ತರವೂ ಕೊಡಲ್ಲ’ ಎಂದು ತಾಯಂದಿರು ಹೇಳುವುದೂ ಈಗಲೇ. ಊರಿನವರು ಇದನ್ನು ಆಷಾಢದ ಮಂಕು ಎಂದು ಕರೆದು ಸುಮ್ಮನಾಗುತ್ತಾರೆ.

ಸುಮ್ಮನಾಗುವ ಮುನ್ನ ಒಂದು ಸೋಜಿಗವನ್ನು ಗಮನಿಸಿ. ಸೂರ್ಯನ ಲೆಕ್ಕದಲ್ಲಿ ಇದು ನಮಗೆ ವರ್ಷದ ಅತಿ ಉದ್ದ ಹಗಲಿನ ಕಾಲ. ನಮ್ಮ ತಾಲ್ಲೂಕುಗಳಿರುವುದು ಸುಮಾರು ೧೨ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ೨೧ರ ಹಗಲು ಸುಮಾರು ೧೨ ಗಂಟೆ ೫೦ ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ೧೧ ಗಂಟೆ ೨೦ ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ, ಅಷ್ಟೆ. ನಾರ್ವೆಯ ಓಸ್ಲೋ ನಗರದಲ್ಲಿ ಡಿಸೆಂಬರಿನ ಹಗಲು ಆರು ಗಂಟೆಯೂ ಇರುವುದಿಲ್ಲ. ಅಂಥ ನಾಡುಗಳಲ್ಲಿ ಚಳಿಗಾಲ ಬಂದೊಡನೆ ಕೆಲವರ ಮನಸ್ಸು ಕುಗ್ಗುತ್ತದೆ, ನಿದ್ದೆ ಹೆಚ್ಚುತ್ತದೆ, ವಸಂತದಲ್ಲಿ ತಾನಾಗಿ ಸರಿಹೋಗುತ್ತದೆ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು ಅಲ್ಲಿನ ಚಳಿಗಾಲದಲ್ಲಿ ತಮ್ಮ ಉತ್ಸಾಹವೇ ಬತ್ತುವುದನ್ನು ಕಂಡುಕೊಂಡಿದ್ದರು. ೧೯೮೪ರಲ್ಲಿ ಅವರು ಮತ್ತು ಸಂಗಡಿಗರು ಈ ಋತುಮಾನದ ಖಿನ್ನತೆಯನ್ನು ವಿವರಿಸಿ ಅದಕ್ಕೊಂದು ಹೆಸರು ಕೊಟ್ಟರು.

ನಮ್ಮ ಆಷಾಢದ ಮಂಕು ಅದೇ ಕಾಯಿಲೆ ಎಂದು ಹೇಳಿಬಿಡುವುದು ಸರಿಯಲ್ಲ. ಆದರೆ ಎರಡಕ್ಕೂ ಸಾಮಾನ್ಯವಾದ ಸಂಗತಿ ಒಂದಿದೆ: ಬೆಳಕು. ಮಿದುಳಿನಲ್ಲಿ ನಮ್ಮ ನಿದ್ದೆ ಎಚ್ಚರಗಳನ್ನು ನಡೆಸುವ ಗಡಿಯಾರವಿದೆ. ಅದಕ್ಕೆ ದಿನವೂ ಕೀ ಕೊಡುವುದು ಬೆಳಗಿನ ಬೆಳಕು. ಇದಕ್ಕೆಂದೇ ಅಕ್ಷಿಪಟಲದಲ್ಲಿ ಬೇರೆ ಜೀವಕೋಶಗಳಿವೆಯೆಂದು ೨೦೦೨ರಲ್ಲಿ ಗೊತ್ತಾಯಿತು. ಚಿತ್ರ ನೋಡುವುದು ಅವುಗಳ ಮುಖ್ಯ ಕೆಲಸವಲ್ಲ. ಹಗಲಾಯಿತು ಎಂಬ ಸುದ್ದಿಯನ್ನು ಗಡಿಯಾರಕ್ಕೆ ಮುಟ್ಟಿಸುವುದು. ಕತ್ತಲಾದಾಗ ಪೀನಿಯಲ್ ಗ್ರಂಥಿ ಮೆಲಟೋನಿನ್ ಸುರಿಸುತ್ತದೆ, ದೇಹ ರಾತ್ರಿಗೆ ಅಣಿಯಾಗುತ್ತದೆ. ಬೆಳಗಿನ ಸುದ್ದಿ ತಡವಾಗಿಯೋ ಮಸುಕಾಗಿಯೋ ತಲುಪಿದರೆ ಗಡಿಯಾರವೂ ಹಿಂದೆ ಬೀಳುತ್ತದೆ.

ಹಾಗಾದರೆ ಮೋಡದ್ದೇ ತಪ್ಪೆ? ಲೆಕ್ಕ ಹಾಕೋಣ. ಒಂದು ಮೇಣದ ಬತ್ತಿ ಒಂದು ಮೀಟರ್ ದೂರದಲ್ಲಿ ಬೀರುವ ಬೆಳಕು ಸರಿಸುಮಾರು ಒಂದು ಲಕ್ಸ್. ಬಿರುಬಿಸಿಲಿನಲ್ಲಿ ಒಂದು ಲಕ್ಷ ಲಕ್ಸ್‌ವರೆಗೂ ಇರುತ್ತದೆ. ಮೋಡ ಕವಿದ ಹಗಲಲ್ಲೂ ಬಯಲಿನಲ್ಲಿ ಸಾಮಾನ್ಯವಾಗಿ ಹಲವು ಸಾವಿರ ಲಕ್ಸ್ ಸಿಗುತ್ತದೆ. ಬಾಗಿಲು ಹಾಕಿ ಒಂದು ಬಲ್ಬು ಉರಿಸಿದ ಕೋಣೆಯಲ್ಲೋ? ನೂರು, ಹೆಚ್ಚೆಂದರೆ ಇನ್ನೂರು. ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವುದರಿಂದ ಇಷ್ಟು ದೊಡ್ಡ ಅಂತರ ನಮ್ಮ ಅರಿವಿಗೇ ಬರುವುದಿಲ್ಲ. ಅಂದರೆ ಮೋಡ ಉಳಿಸಿಕೊಟ್ಟ ಬೆಳಕಿನಲ್ಲಿ ಬಹುಪಾಲನ್ನು ಮುಚ್ಚಿದ ಬಾಗಿಲು ಕದಿಯುತ್ತಿದೆ! ಉತ್ತರದ ನಾಡುಗಳಲ್ಲಿ ರೋಗಿಗಳನ್ನು ಬೆಳಿಗ್ಗೆ ಅರ್ಧ ಗಂಟೆ ೧೦,೦೦೦ ಲಕ್ಸ್ ದೀಪದ ಮುಂದೆ ಕೂರಿಸುತ್ತಾರೆ. ಆ ದೀಪ ನಮಗೆ ಬೇಡ. ಮಳೆ ಬಿಟ್ಟ ಗಳಿಗೆ ನೋಡಿ, ಇಲ್ಲವೇ ಕೊಡೆ ಹಿಡಿದೇ, ಏಳರಿಂದ ಒಂಬತ್ತರೊಳಗೆ ಅರ್ಧ ಮುಕ್ಕಾಲು ಗಂಟೆ ಹೊರಗೆ ನಡೆದರೆ ಸಾಕು. ಬಸ್ಸಿಗಾಗಿ ಒಂದು ಸ್ಟಾಪ್ ದೂರ ನಡೆದರೂ ಆದೀತು.

ನಮ್ಮ ಹಿರಿಯರ ತೊಟ್ಟಿಮನೆಗಳಿಗೆ ಈ ಗುಟ್ಟು ಗೊತ್ತಿತ್ತೋ ಏನೋ. ನಡುವಿನ ತೊಟ್ಟಿಯಿಂದ ಆಕಾಶದ ಬೆಳಕು ನೇರವಾಗಿ ಪಡಸಾಲೆಗೆ ಇಳಿಯುತ್ತಿತ್ತು. ಹೊರಗೆ ಎಂಥ ಸೋನೆಯಿದ್ದರೂ ಅಕ್ಕಿ ಆರಿಸುವ ಅಜ್ಜಿ, ಪಾಠ ಓದುವ ಮೊಮ್ಮಗ ಇಬ್ಬರೂ ಅದರ ಅಂಚಿನಲ್ಲೇ. ಈಗಿನ ತಾರಸಿ ಮನೆಯಲ್ಲಿ ಮಗುವಿಗೆ ಪ್ರತ್ಯೇಕ ಕೋಣೆ ಕೊಟ್ಟು, ಗಾಳಿ ಬರುತ್ತದೆಂದು ಕಿಟಕಿಗೆ ದಪ್ಪ ಪರದೆ ಇಳಿಬಿಡುತ್ತೇವೆ. ಓದುವ ಮೇಜನ್ನು ಜಗುಲಿಗೋ ಕಿಟಕಿಯ ಪಕ್ಕಕ್ಕೋ ತನ್ನಿ. ಖರ್ಚಿಲ್ಲದ ಚಿಕಿತ್ಸೆ ಇದು.

ಇನ್ನು ರಾತ್ರಿಯ ಮಾತು. ಹೊಗೆಸೊಪ್ಪಿನ ಊರುಗಳಲ್ಲಿ ಮಳೆಗಾಲ ನಡುವಾಗುತ್ತಿದ್ದಂತೆ ಬ್ಯಾರನ್‌ಗಳಿಗೆ ಬೆಂಕಿ ಬೀಳುತ್ತದೆ. ಒಂದು ಸಲ ಸೊಪ್ಪು ತುಂಬಿದರೆ ಐದಾರು ದಿನ, ಹಗಲು ರಾತ್ರಿ, ಶಾಖ ಹದ ತಪ್ಪದಂತೆ ಯಾರಾದರೂ ಕಾಯಬೇಕು. ಅಪ್ಪ, ಅವ್ವ ಇಬ್ಬರೂ ಸೋತಾಗ ಪಾಳಿ ಹತ್ತನೇ ಕ್ಲಾಸಿನ ಹುಡುಗನಿಗೆ ಬರುತ್ತದೆ. ಎರಡು ಗಂಟೆಗೆ ಎದ್ದು ಸೌದೆ ಒಟ್ಟಿ, ಹತ್ತಕ್ಕೆ ಶಾಲೆಗೆ ಬಂದು ತೂಕಡಿಸುವವನನ್ನು ಸೋಮಾರಿ ಎನ್ನುವುದು ಅನ್ಯಾಯ. ಕಷ್ಟ ನನಗೆ ಗೊತ್ತು. ಆದರೂ ಪಾಲಕರಲ್ಲಿ ಕೇಳುತ್ತೇನೆ, ಓದುವ ಮಕ್ಕಳಿಗೆ ನಡುರಾತ್ರಿಯ ಪಾಳಿ ಬೇಡ. ಬ್ಯಾರನ್ ಇಲ್ಲದ ಮನೆಗಳಲ್ಲಿ ಅದೇ ಕೆಲಸವನ್ನು ಮೊಬೈಲು ಮಾಡುತ್ತಿದೆ. ಕತ್ತಲಲ್ಲಿ ಮುಖಕ್ಕೆ ಹಿಡಿದ ಆ ಬೆಳಕು ಗಡಿಯಾರವನ್ನು ತಪ್ಪು ಹೊತ್ತಿನಲ್ಲಿ ತಿರುಗಿಸುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿ ಮುದ್ದೆ, ಹುರಳಿ ಸಾರು ಖಿನ್ನತೆಗೆ ಔಷಧವಲ್ಲ, ಆದರೆ ಹೊತ್ತಿಗೆ ಸರಿಯಾಗಿ ಎಲ್ಲರೂ ಜೊತೆಗೆ ಕೂತು ಉಂಡರೆ ಮಗುವಿನ ಮುಖ ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಮೈ ಬೆವರುವಷ್ಟು ಆಟ, ಗದ್ದೆಯ ನಾಟಿಗೆ ಒಂದು ಭಾನುವಾರ, ಜಗುಲಿಯಲ್ಲಿ ಹತ್ತು ಸೂರ್ಯನಮಸ್ಕಾರ, ಏನಾದರೂ ಸರಿ. ದೇಹದ ಚಟುವಟಿಕೆ ಮನಸ್ಸನ್ನು ಎತ್ತುತ್ತದೆಂಬುದಕ್ಕೆ ಒಳ್ಳೆಯ ಆಧಾರಗಳಿವೆ.

ಇಷ್ಟರಿಂದ ಸರಿಹೋಗದ ಮಕ್ಕಳೂ ಇದ್ದಾರೆ. ಎರಡು ವಾರ ಕಳೆದರೂ ಇಷ್ಟದ ಆಟ, ಸ್ನೇಹಿತರು ಯಾವುದೂ ಬೇಡವಾದರೆ, ಊಟ ನಿದ್ದೆ ಕೆಟ್ಟರೆ, ‘ನಾನು ಯಾತಕ್ಕೂ ಬಾರದವಳು’ ಎಂಬ ಮಾತು ಬಂದರೆ ಅದನ್ನು ಆಷಾಢದ ಲೆಕ್ಕಕ್ಕೆ ಬರೆಯಬೇಡಿ. ಸಾವಿನ ಮಾತು ಬಂದರಂತೂ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ; ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ. ದೃಷ್ಟಿ ತೆಗೆಸುವವರು ತೆಗೆಸಲಿ, ವೈದ್ಯರನ್ನು ಕಾಣುವುದು ತಪ್ಪದಿರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಕೇಳಿ ತಿಳಿಯಿರಿ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ ೧೪೪೧೬. ಇಡೀ ದಿನ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮಗು ಬಾಯಿ ಬಿಡಲು ಒಪ್ಪದಿದ್ದರೆ ಮೊದಲ ಕರೆಯನ್ನು ತಂದೆ ತಾಯಿಯೇ ಮಾಡಬಹುದು.