ಹದಿನಾಲ್ಕು ಸಂಖ್ಯೆಗಳ ದೀಪ

ದಿನವೂ ಹೊಸಿಲ ಮುಂದೆ ಮೊಳದಗಲ ಹಾಕುವ ಚುಕ್ಕಿ ರಂಗೋಲಿಯನ್ನೇ ಸಂಕ್ರಾಂತಿಯ ದಿನ ಅಮ್ಮ ಅಂಗಳದ ತುಂಬ ಹಾಕುತ್ತಿದ್ದರು. ಚುಕ್ಕಿಯಿಂದ ಚುಕ್ಕಿಗೆ ಅಂತರ ಮಾತ್ರ ಹೆಚ್ಚುತ್ತಿತ್ತು. ಸಾಲುಗಳು ಅವೇ, ಎಳೆ ತಿರುಗುವ ಜಾಗವೂ ಅದೇ. ರಂಗೋಲಿ ಎಷ್ಟು ದೊಡ್ಡದಾದರೂ ಅಂದ ಕೆಡುತ್ತಿರಲಿಲ್ಲ.

ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಬ್ಯಾನರ್ ಮಾಡಿಸುವಾಗ ನನಗೆ ಅದೇ ರಂಗೋಲಿ ನೆನಪಾಯಿತು. ಮೊಬೈಲಿಗೆ ಬಂದಿದ್ದ ಶಾಲೆಯ ಲಾಂಛನ 300 ಪಿಕ್ಸೆಲ್ ಅಗಲವಿತ್ತು. ಅದನ್ನು 10 ಅಡಿಗೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ಲೂ ಸುಮಾರು 1 ಸೆಂಟಿಮೀಟರಿನ ಚೌಕವಾಗುತ್ತದೆ. ಲಾಂಛನದ ನಡುವಿನ ದೀಪದ ಕುಡಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಫೋಟೊದಂಥ ಚಿತ್ರದ ಕಡತದಲ್ಲಿ ಇರುವುದು ಬಣ್ಣದ ಚೌಕಗಳ ಪಟ್ಟಿ. ಅದರಲ್ಲಿ ಇಲ್ಲದ ವಿವರ ಹಿಗ್ಗಿಸಿದಾಗ ಎಲ್ಲಿಂದ ಬಂದೀತು?

ವೆಕ್ಟರ್ ಚಿತ್ರದ ದಾರಿ ರಂಗೋಲಿಯದು. ಅಲ್ಲಿ ಉಳಿಯುವುದು ಚಿತ್ರ ಬರೆಯುವ ಕ್ರಮ: ಚುಕ್ಕಿಗಳು ಎಲ್ಲಿವೆ, ಗೆರೆ ಅವುಗಳ ನಡುವೆ ಹೇಗೆ ಬಾಗುತ್ತದೆ ಎಂಬ ಲೆಕ್ಕ. ಗುರುತಿನ ಚೀಟಿಗೂ ಬ್ಯಾನರಿಗೂ ಕಂಪ್ಯೂಟರ್ ಅದೇ ಲೆಕ್ಕದಿಂದ ಗೆರೆಯನ್ನು ಹೊಸದಾಗಿ ಎಳೆಯುತ್ತದೆ.

ಈ ಬಾಗುವಿಕೆಯ ಗಣಿತ ಹುಟ್ಟಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ. ಕಾರಿನ ಮೈಯ ಉಬ್ಬುತಗ್ಗುಗಳನ್ನು ಯಂತ್ರಕ್ಕೆ ಅರ್ಥವಾಗುವಂತೆ ಅಂಕಿಗಳಲ್ಲಿ ಹೇಳಬೇಕಾಗಿತ್ತು. ಸಿಟ್ರೊಯೆನ್ ಕಂಪನಿಯ ಗಣಿತಜ್ಞ ಪಾಲ್ ದ ಕಾಸ್ತೆಲ್ಜೊ 1959ರಲ್ಲೇ ಉಪಾಯ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಇಂಥದೇ ವಿಧಾನವನ್ನು ರೂಪಿಸಿ ಪ್ರಕಟಿಸಿದರು. ಹಾಗಾಗಿ ಇಂದಿಗೂ ಆ ಗೆರೆಗಳ ಹೆಸರು ಬೆಜಿಯೆ ವಕ್ರರೇಖೆ.

ಕಾಸ್ತೆಲ್ಜೊ ಅವರ ಉಪಾಯವನ್ನು ಗ್ರಾಫ್ ಹಾಳೆಯ ಮೇಲೆ ನೀವೇ ಮಾಡಿ ನೋಡಬಹುದು. 8 ಸೆಂ.ಮೀ. ದೂರದಲ್ಲಿ ಎರಡು ಚುಕ್ಕಿ ಇಡಿ. ಪ್ರತಿಯೊಂದರ ನೇರ ಮೇಲೆ, 4 ಸೆಂ.ಮೀ. ಎತ್ತರದಲ್ಲಿ ಇನ್ನೊಂದು ಚುಕ್ಕಿ. ಎಡದ ಕೆಳಗಿನಿಂದ ಹತ್ತಿ ಬಲದ ಕೆಳಕ್ಕೆ ಇಳಿಯುವಂತೆ ನಾಲ್ಕನ್ನೂ ಮೂರು ಗೆರೆಗಳಿಂದ ಸೇರಿಸಿ. ಪ್ರತಿ ಗೆರೆಯ ನಡುಬಿಂದು ಗುರುತಿಸಿ, ಆ ಮೂರು ಬಿಂದುಗಳನ್ನು ಎರಡು ಗೆರೆಗಳಿಂದ ಸೇರಿಸಿ. ಅವುಗಳ ನಡುಬಿಂದುಗಳನ್ನು ಸೇರಿಸುವ ಕೊನೆಯ ಗೆರೆಯ ನಟ್ಟನಡುವೆ ನಿಂತ ಚುಕ್ಕಿ ವಕ್ರರೇಖೆಯ ಮೇಲಿದೆ. ಅದರ ಎತ್ತರ ಸರಿಯಾಗಿ 3 ಸೆಂ.ಮೀ. ಅರ್ಧದ ಬದಲು ಕಾಲು, ಮುಕ್ಕಾಲು ಎಂದು ಬೇರೆ ಬೇರೆ ಪಾಲಿನಲ್ಲಿ ಇದನ್ನೇ ಮಾಡುತ್ತ ಹೋದರೆ ಇಡೀ ಕಮಾನು ಮೂಡುತ್ತದೆ. ಗೆರೆ ಮೇಲಿನ ಎರಡು ಚುಕ್ಕಿಗಳನ್ನು ಮುಟ್ಟುವುದಿಲ್ಲ, ಆದರೆ ಅವುಗಳ ಸೆಳೆತಕ್ಕೆ ಬಾಗುತ್ತದೆ.

ತಂತ್ರಾಂಶದಲ್ಲಿ ಗೆರೆಯ ಮೇಲಿನ ಚುಕ್ಕಿಗೆ ನೋಡ್ ಎನ್ನುತ್ತಾರೆ, ಸೆಳೆಯುವ ಚುಕ್ಕಿಗೆ ಹ್ಯಾಂಡಲ್. ಈ ಎರಡನ್ನು ಅರಿತರೆ ಅರ್ಧ ಕಲಿತಂತೆ. ಪ್ರಿಂಟಿಂಗ್ ಅಂಗಡಿಯ ಕೋರೆಲ್‌ಡ್ರಾ ಆಗಲಿ, ಅಡೋಬಿಯ ಇಲಸ್ಟ್ರೇಟರ್ ಆಗಲಿ ನಿಂತಿರುವುದು ಇವುಗಳ ಮೇಲೆಯೇ. ಹೊಸಬರಿಗೆ ನಾನು ಹೇಳುವುದು ಇಂಕ್‌ಸ್ಕೇಪ್. 2003ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ.

ತೆರೆದ ಕೂಡಲೇ ಕಾಣುವ ಹತ್ತಾರು ಗುಂಡಿಗಳಿಗೆ ಬೆದರಬೇಡಿ. ಮೊದಲು ಒಂದು ದೀಪದ ಕುಡಿ ಬರೆಯಿರಿ. ಕೀಲಿಮಣೆಯಲ್ಲಿ ‘ಬಿ’ ಒತ್ತಿದರೆ ಪೆನ್ ಕೈಗೆ ಬರುತ್ತದೆ. ಕುಡಿಯ ತುದಿ ಇರಬೇಕಾದಲ್ಲಿ ಒಮ್ಮೆ ಕ್ಲಿಕ್ ಮಾಡಿ. ಕೆಳಗೆ ಬುಡದಲ್ಲಿ ಮೌಸ್ ಒತ್ತಿ, ಬಿಡದೆ ಅಡ್ಡಕ್ಕೆ ಎಳೆಯಿರಿ. ಎರಡೂ ಬದಿಗೆ ಹ್ಯಾಂಡಲ್‌ಗಳು ಚಾಚಿಕೊಳ್ಳುತ್ತವೆ. ಮತ್ತೆ ತುದಿಯ ಮೇಲೆ ಕ್ಲಿಕ್ ಮಾಡಿದರೆ ಆಕಾರ ಮುಚ್ಚಿಕೊಳ್ಳುತ್ತದೆ. ಎರಡೇ ನೋಡ್‌ಗಳಲ್ಲಿ ಕುಡಿ ಸಿದ್ಧ. ಈಗ ‘ಎನ್’ ಒತ್ತಿ, ಬುಡದ ಹ್ಯಾಂಡಲನ್ನು ತುಸು ಓರೆ ಮಾಡಿ. ಗಾಳಿ ಬೀಸಿದಂತೆ ಕುಡಿ ವಾಲುತ್ತದೆ.

ಕಡತವನ್ನು ಉಳಿಸಿ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಇದು ಎಸ್‌ವಿಜಿ, ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2001ರಲ್ಲಿ ಒಪ್ಪಿದ ರೂಪ, ಓದಬಲ್ಲ ಪಠ್ಯ. ಅಲ್ಲಿ ‘ಎಂ’ ಅಕ್ಷರ ಲೇಖನಿಯನ್ನು ಎಲ್ಲಿಡಬೇಕೆಂದು ಹೇಳಿದರೆ, ‘ಸಿ’ ಅಲ್ಲಿಂದ ಬಾಗಿಸಿ ಎಳೆ ಎನ್ನುತ್ತದೆ. ಶುರುವಿನ ಬಿಂದುವಿಗೆ ಎರಡು ಸಂಖ್ಯೆ, ಎರಡು ಬಾಗುಗಳಿಗೆ ಆರಾರು, ಒಟ್ಟು ಹದಿನಾಲ್ಕು. ದೀಪದ ಕುಡಿಯ ಆಕಾರವೆಲ್ಲ ಅಷ್ಟರಲ್ಲಿದೆ.

ಹೊಸಬರ ಕೈಯಲ್ಲಿ ಹೆಚ್ಚು ನಡೆಯುವ ತಪ್ಪು ನೋಡ್‌ಗಳನ್ನು ಸುರಿಯುವುದು. ಗೆರೆ ಸ್ವಲ್ಪ ಸೊಟ್ಟಗಾದಲ್ಲೆಲ್ಲ ಒಂದೊಂದು ಸೇರಿಸಿದರೆ ಅಂಚು ಗಂಟುಗಂಟಾಗುತ್ತದೆ. ಒಂದು ಪೂರ್ಣ ವೃತ್ತಕ್ಕೇ ನಾಲ್ಕು ನೋಡ್ ಸಾಕು: ತ್ರಿಜ್ಯದ 0.5523 ಪಾಲಿನಷ್ಟು ಹ್ಯಾಂಡಲ್ ಚಾಚಿದರೆ, 10 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ತಪ್ಪುವುದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗೂ ಕಡಿಮೆ. ಫೋಟೊವನ್ನು ತಾನಾಗಿಯೇ ವೆಕ್ಟರ್ ಮಾಡಿಕೊಡುವ ಸೌಲಭ್ಯವೂ ಇದೆ. ಆದರೆ ಅದು ಬಿಡುವ ರಾಶಿ ನೋಡ್‌ಗಳನ್ನು ತಿದ್ದುವುದಕ್ಕಿಂತ ಸರಳ ಲಾಂಛನವನ್ನು ಕೈಯಾರೆ ಬರೆಯುವುದೇ ಸುಲಭ. ಮುಖದ ಮೈಬಣ್ಣ, ಮೋಡದ ನೆರಳಿನಂಥವನ್ನು ಮಾತ್ರ ಪಿಕ್ಸೆಲ್‌ಗಳಿಗೇ ಬಿಡಿ.

ಆ ಶಾಲೆಯ ಲಾಂಛನವನ್ನು ನಾನು ಕೊನೆಗೆ ಮತ್ತೆ ಬರೆದೆ: ಹೊರಗೊಂದು ವೃತ್ತ, ಒಳಗೆ ಹಣತೆ, ಮೇಲೆ ಕುಡಿ. ಹತ್ತು ಅಡಿಯ ಬ್ಯಾನರ್ ಕಟ್ಟಿದ ದಿನ ಹತ್ತಿರ ಹೋಗಿ ಕುಡಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದೆ. ಅಮ್ಮನ ಎಳೆಯಂತೆ ಒಂದೇ ಬೀಸಿನಲ್ಲಿ ತಿರುಗಿತ್ತು.