ಕಪಾಟು ಖಾಲಿ ಮಾಡುವ ಮುನ್ನ

ರಂಜಾನ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಪರದೆ ಒಗೆಯುವುದು, ಡಬ್ಬ ತೊಳೆಯುವುದು, ಮೂಲೆಮೂಲೆ ಗುಡಿಸುವುದು ಎಲ್ಲ ಶುರುವಾಗುತ್ತೆ. ಅಡುಗೆಮನೆ ಎರಡು ದಿನದಲ್ಲಿ ಮುಗಿಯುತ್ತೆ. ಬಟ್ಟೆಯ ಕಪಾಟಿನ ಮುಂದೆ ಬಂದಾಗ ಮಾತ್ರ ಕೈ ನಿಲ್ಲುತ್ತೆ. ನಾಲ್ಕು ಜೋಡಿ ಹೊರಗೆ ತೆಗೆಯುತ್ತೀರಿ, ಮುಟ್ಟಿ ನೋಡುತ್ತೀರಿ, ಮತ್ತೆ ಮಡಚಿ ಅಲ್ಲೇ ಇಡುತ್ತೀರಿ. "ಹಾಕ್ಕೊಳ್ಳೋದೇ ಇಲ್ಲ, ಮತ್ಯಾಕೆ ಇಟ್ಕೊಂಡಿದ್ದೀಯ?" ಅಂತ ಮನೆಯವರು ಕೇಳಿದರೆ ತಕ್ಷಣ ಉತ್ತರ ಸಿಗುವುದಿಲ್ಲ. ಆದರೆ ಉತ್ತರ ಇದೆ.

ಹೆಣ್ಣಿನ ಕಪಾಟು ಬರೀ ಬಟ್ಟೆ ಇಡುವ ಜಾಗವಲ್ಲ. ಮುಂಬೈ, ಪುಣೆಯ ಒಂದು ರೂಮು-ಕಿಚನ್ ಮನೆಯಲ್ಲಿ ಮಂಚ ಎಲ್ಲರದು, ಟಿವಿ ಎಲ್ಲರದು, ಬಾಡಿಗೆ ಕರಾರು ಗಂಡನ ಹೆಸರಲ್ಲಿ. ಅನೇಕ ಮನೆಗಳಲ್ಲಿ ಅವಳ ಕೈಯಲ್ಲಿ ಕೀಲಿ ಇರುವುದು ಈ ಕಪಾಟಿಗೆ ಮಾತ್ರ. ತವರಿನಿಂದ ಬಂದ ಜೋಡಾ, ಉಳಿಸಿಟ್ಟ ಐನೂರರ ನೋಟು, ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡು, ಮಗುವಿನ ಮೊದಲ ಟೋಪಿ, ಎಲ್ಲ ಬಟ್ಟೆಯ ಮಡಿಕೆಯ ಕೆಳಗೇ ಇರುತ್ತವೆ. ಹಾಗಾಗಿ "ಅರ್ಧ ಬಿಸಾಡು" ಅನ್ನುವ ಮಾತು ಅವಳಿಗೆ ಶುಚಿತ್ವದ ಸಲಹೆಯಾಗಿ ಕೇಳುವುದಿಲ್ಲ. ಇದ್ದ ಒಂದು ಜಾಗವನ್ನೂ ಬಿಡು ಅಂದ ಹಾಗೆ ಕೇಳುತ್ತೆ.

ಜಪಾನಿನ ಮೇರಿ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷ್‌ನಲ್ಲಿ ಬಂದು ಜಗತ್ತಿನಾದ್ಯಂತ ಓದುಗರನ್ನು ಪಡೆಯಿತು. ವಸ್ತುವನ್ನು ಕೈಯಲ್ಲಿ ಹಿಡಿಯಿರಿ, ಖುಷಿ ಕೊಟ್ಟರೆ ಇಟ್ಟುಕೊಳ್ಳಿ, ಇಲ್ಲವಾದರೆ ಧನ್ಯವಾದ ಹೇಳಿ ಬಿಡಿ ಅನ್ನುವುದು ಅವರ ವಿಧಾನ. ಸರಳವಾಗಿದೆ, ಕೆಲವರಿಗೆ ಉಪಯೋಗವೂ ಆಗಿದೆ. ಆದರೆ ತೀರಿಹೋದ ಅಮ್ಮಿಯ ದುಪಟ್ಟಾ ಖುಷಿ ಕೊಡುವುದಿಲ್ಲ, ಅಳು ತರಿಸುತ್ತೆ. ಅದನ್ನು ಬಿಡಬೇಕೇ? ಖುಷಿ ಒಂದೇ ಅಳತೆಯಾದರೆ ನಮ್ಮ ಕಪಾಟಿನ ಅರ್ಧ ಕಥೆ ಹೊರಗೇ ಉಳಿಯುತ್ತೆ. ಒಂದೊಂದು ಬಟ್ಟೆಯನ್ನು ಹಿಡಿದಿಟ್ಟಿರುವ ಭಾವನೆ ಬೇರೆಬೇರೆ. ಯಾವುದು ಅಂತ ಗುರುತಿಸಿದರೆ ಅರ್ಧ ಕೆಲಸ ಆದ ಹಾಗೆ.

ಕೈ ಯಾಕೆ ನಿಲ್ಲುತ್ತೆ?

ಇದನ್ನು ಓದಿದವರು ಅಭ್ಯಾಸ ಮಾಡಿದ್ದಾರೆ. ನಮ್ಮ ವಸ್ತುಗಳನ್ನು ನಾವು ನಮ್ಮದೇ ಒಂದು ಭಾಗ ಅಂತ ಭಾವಿಸುತ್ತೇವೆ ಎಂದು ರಸೆಲ್ ಬೆಲ್ಕ್ 1988ರಲ್ಲಿ ಬರೆದರು. 1990ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ ಎಂಬ ಮೂವರು ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಅದೇ ಮಗ್, ಸ್ವಲ್ಪ ಹೊತ್ತಿನ ಹಿಂದೆ ಕೈಗೆ ಬಂದದ್ದು. ನಮ್ಮದು ಅನ್ನಿಸಿದ ಕೂಡಲೇ ಬೆಲೆ ಏರುತ್ತೆ. ಹಾಗಿದ್ದ ಮೇಲೆ ಹದಿನೈದು ವರ್ಷ ಜೊತೆಗಿದ್ದ ಶರಾರಾ ಹೇಗೆ ಸುಲಭವಾಗಿ ಕೈ ಬಿಡುತ್ತೆ?

ಈಗ ನಿಮ್ಮ ಕಪಾಟನ್ನೇ ನೋಡಿ. ಕೆಲವು ಬಟ್ಟೆಗಳನ್ನು ಹಿಡಿದಿರುವುದು ದುಡ್ಡು. "ಮೂರು ಸಾವಿರ ಕೊಟ್ಟು ತಂದಿದ್ದೆ, ಎರಡೇ ಸಲ ಉಟ್ಟೆ" ಅನ್ನುವ ಸಂಕಟ. ಕೊಟ್ಟ ದುಡ್ಡು ಅಂದೇ ಹೋಗಿದೆ, ಕಪಾಟಿನಲ್ಲಿಟ್ಟರೆ ತಿರುಗಿ ಬರುವುದಿಲ್ಲ.

ಕೆಲವನ್ನು ಹಿಡಿದಿರುವುದು ದೇಹ. ಹೆರಿಗೆಗೆ ಮುಂಚಿನ ಬ್ಲೌಸು, ಮದುವೆಯಾದ ಹೊಸತರ ಕಮೀಜ್. "ತೂಕ ಇಳಿದ ಮೇಲೆ ಹಾಕ್ಕೋತೀನಿ" ಅನ್ನುತ್ತೇವೆ. ಬಾಗಿಲು ತೆರೆದಾಗಲೆಲ್ಲ ಆ ಬಟ್ಟೆ ಈಗಿನ ನಿಮ್ಮನ್ನು ಬೈಯುತ್ತಿದ್ದರೆ, ಮೊದಲು ಟೈಲರ್ ಹತ್ತಿರ ಒಯ್ಯಿರಿ. ಒಳಗೆ ಮಾರ್ಜಿನ್ ಬಿಟ್ಟಿದ್ದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾರೆ. ಇಲ್ಲವಾದರೆ ಅದು ಇನ್ನೊಬ್ಬರಿಗೆ ಸರಿಹೋಗುವ ಬಟ್ಟೆ, ಅಷ್ಟೇ. ಮಕ್ಕಳನ್ನು ಹೆತ್ತ ಮೈ ಯಾವ ತಪ್ಪೂ ಮಾಡಿಲ್ಲ.

ಕೆಲವನ್ನು ಹಿಡಿದಿರುವುದು ಸಂಬಂಧ. ಫುಫ್ಪು ಕೊಟ್ಟದ್ದು, ನಾದಿನಿ ದುಬೈಯಿಂದ ತಂದದ್ದು. ಇಷ್ಟವಿಲ್ಲ, ಆದರೂ ಕೊಟ್ಟವರು ಬಂದು ಕೇಳಿದರೆ ಏನು ಹೇಳಲಿ ಅನ್ನುವ ಅಂಜಿಕೆ. ಕೊಟ್ಟವರ ಪ್ರೀತಿ ನಿಮಗೆ ಅಂದೇ ತಲುಪಿದೆ. ಬಟ್ಟೆ ಆ ಪ್ರೀತಿಯ ರಸೀದಿಯಲ್ಲ.

ಇನ್ನು ಕೆಲವು ಬಟ್ಟೆಗಳು ಕಾಯುತ್ತಿರುತ್ತವೆ. ಇಸ್ಮತ್ ಚುಗ್ತಾಯಿ ಅವರ 'ಚೌಥಿ ಕಾ ಜೋಡಾ' ಎಂಬ ಉರ್ದು ಕಥೆಯಲ್ಲಿ ಬಡ ತಾಯಿಯೊಬ್ಬಳು ಮಗಳ ಮದುವೆಗಾಗಿ ಬಟ್ಟೆ ಕತ್ತರಿಸುತ್ತಾಳೆ, ಹೊಲಿಯುತ್ತಾಳೆ, ಕಾಯುತ್ತಾಳೆ. ಮದುವೆ ಬರುವುದಿಲ್ಲ. ಕೊನೆಗೆ ಅದೇ ಕೈಗಳು ಮಗಳ ಕಫನ್ ಸಿದ್ಧ ಮಾಡುತ್ತವೆ. ನಮ್ಮ ಕಪಾಟುಗಳಲ್ಲೂ ಇಂಥ ಬಟ್ಟೆಗಳಿವೆ. ಮುರಿದ ನಿಶ್ಚಿತಾರ್ಥದ ಜೋಡಾ, ಹುಟ್ಟದೆ ಹೋದ ಮಗುವಿಗೆ ಹೆಣೆದ ಸ್ವೆಟರ್, ಬಿಟ್ಟುಹೋದ ನೌಕರಿಯ ಇಸ್ತ್ರಿ ಸೀರೆ. ಇಂಥದ್ದನ್ನು ಬಿಡುವುದು ಅಂದರೆ ಒಂದು ಆಸೆ ಮುಗಿಯಿತು ಅಂತ ಒಪ್ಪಿಕೊಳ್ಳುವುದು. ಅದಕ್ಕೆ ಸಮಯ ಬೇಕು. ಒಬ್ಬರೇ ಮಾಡಬೇಡಿ, ತಂಗಿಯನ್ನೋ ಗೆಳತಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಬಟ್ಟೆಯ ಕಥೆ ಒಮ್ಮೆ ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಎಷ್ಟೋ ಬಟ್ಟೆಗಳ ಭಾರ ಕಡಿಮೆಯಾಗುತ್ತೆ.

ಅಮ್ಮಿಯ ಕಪಾಟು

ಎಲ್ಲಕ್ಕಿಂತ ಕಷ್ಟ ತೀರಿಹೋದವರ ಬಟ್ಟೆ. ಕೆಲವು ಮನೆಗಳಲ್ಲಿ ಜನಾಜಾ ಹೋದ ವಾರದಲ್ಲೇ ಎಲ್ಲ ಗಂಟು ಕಟ್ಟಿ ಹಂಚಿಬಿಡುತ್ತಾರೆ. ಉದ್ದೇಶ ಒಳ್ಳೆಯದೇ, ತೀರಿಕೊಂಡವರಿಗೆ ಸವಾಬ್ ಸಿಗಲಿ ಅಂತ. ಆದರೆ ಶರೀಅತ್ ಪ್ರಕಾರ ಮೃತರ ಬಟ್ಟೆಯೂ ಅವರ ತರ್ಕಾ, ಅಂದರೆ ಬಿಟ್ಟುಹೋದ ಆಸ್ತಿಯಲ್ಲೇ ಸೇರುತ್ತೆ. ಅದರಲ್ಲಿ ಎಲ್ಲ ವಾರಸುದಾರರಿಗೂ ಪಾಲಿದೆ. ಅವರ ಒಪ್ಪಿಗೆಯಿಲ್ಲದೆ ಹಂಚುವ ಹಾಗಿಲ್ಲ. ವಾರಸುದಾರರಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ದೊಡ್ಡವರು ದಾನ ಮಾಡುವಂತಿಲ್ಲ. ಈ ನಿಯಮದಿಂದ ಮನಸ್ಸಿಗೂ ಒಂದು ಉಪಕಾರವಿದೆ. ದೂರದ ಚೆನ್ನೈಯಲ್ಲೋ ದೆಹಲಿಯಲ್ಲೋ ಇರುವ ಮಗಳು ಊರಿಗೆ ಬಂದು ಅಮ್ಮಿಯ ಕಪಾಟು ಖಾಲಿಯಾಗಿರುವುದನ್ನು ಕಂಡರೆ, ಅಮ್ಮಿಯನ್ನು ಎರಡನೇ ಸಲ ಕಳೆದುಕೊಂಡ ಹಾಗಾಗುತ್ತೆ. ಫೋನ್ ಮಾಡಿ ಕೇಳಿ. ಅವಳು ಬರುವ ತನಕ ಕಾಯಿರಿ.

ಎಲ್ಲವನ್ನೂ ಇಟ್ಟುಕೊಳ್ಳಬೇಕಿಲ್ಲ. ಒಂದೆರಡು ಆರಿಸಿಕೊಳ್ಳಿ. ಉಳಿದ ಹತ್ತಿ ಸೀರೆಗಳಿಗೆ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ: ಕೌದಿ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸಾಲು ಹೊಲಿಗೆ ಹಾಕಿ ಹೊದಿಕೆ ಮಾಡುತ್ತಾರೆ. ಪುಣೆಯವರಿಗೆ ಅದು ಗೋಧಡಿ. ಅಮ್ಮಿಯ ಸೀರೆ ಕಪಾಟಿನಲ್ಲಿ ಹಳದಿಯಾಗುವ ಬದಲು ಮೊಮ್ಮಕ್ಕಳ ಮೈಮೇಲೆ ಬೆಚ್ಚಗಿರುತ್ತೆ.

ಇಟ್ಟುಕೊಂಡರೆ ಚೆನ್ನಾಗಿ ಇಡಿ. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಮುಂಬೈ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತೆ. ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಕೊಡುವಾಗ

ಬಿಟ್ಟ ಬಟ್ಟೆ ಎಲ್ಲಿಗೆ ಹೋಗುತ್ತೆ? ಮುಂಬೈ, ದೆಹಲಿಯ ಗಲ್ಲಿಗಳಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಗುಜರಾತ್ ಮೂಲದ ವಾಘ್ರಿ ಸಮುದಾಯದವರು. ಅವರು ಕೂಡಿಸಿದ ಬಟ್ಟೆ ದೆಹಲಿಯ ರಘುಬೀರ್ ನಗರದಂಥ ಸಂತೆಗಳಲ್ಲಿ ಮಾರಾಟವಾಗಿ, ರಿಪೇರಿಯಾಗಿ, ಕೂಲಿ ಮಾಡುವವರ ಮೈ ಸೇರುತ್ತೆ. 1999ರಲ್ಲಿ ದೆಹಲಿಯಲ್ಲಿ ಶುರುವಾದ ಗೂಂಜ್ ಸಂಸ್ಥೆ ಹಳೇ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಕೂಡ ಮಾಡುತ್ತೆ. ಅಸಲಿ ಜರಿಯ ಹಳೇ ಸೀರೆಯಲ್ಲಿ ಬೆಳ್ಳಿ ಇರುತ್ತೆ, ಅದನ್ನು ಕೊಳ್ಳುವವರೂ ಇದ್ದಾರೆ.

ಕೊಡುವುದರಲ್ಲೂ ಒಂದು ಮನಸ್ಸಿನ ಲೆಕ್ಕವಿದೆ, ಪಡೆಯುವವರ ಮನಸ್ಸಿನದು. ವಾಜಿದಾ ತಬಸ್ಸುಮ್ ಅವರ 'ಉತ್ರನ್' ಕಥೆಯಲ್ಲಿ ಹೈದರಾಬಾದಿನ ನವಾಬರ ಮನೆಯ ದಾಯಿಯ ಮಗಳು ಹುಟ್ಟಿದಾಗಿನಿಂದ ಯಜಮಾನರ ಮಗಳ ಬಿಟ್ಟ ಬಟ್ಟೆಯನ್ನೇ ಉಡುತ್ತಾಳೆ. ಬಟ್ಟೆ ಚೆನ್ನಾಗಿರುತ್ತೆ, ಬೆಲೆಬಾಳುವುದೇ ಆಗಿರುತ್ತೆ. ಆದರೆ 'ಉತ್ರನ್' ಅನ್ನುವ ಅವಮಾನ ಅವಳೊಳಗೆ ಸೇಡಾಗಿ ಬೆಳೆಯುತ್ತೆ. ಮನೆಕೆಲಸಕ್ಕೆ ಬರುವವರಿಗೆ ಗುಂಡಿ ಹರಿದ ಕುರ್ತಾ ಕೊಟ್ಟು ದೊಡ್ಡ ದಾನ ಅಂದುಕೊಳ್ಳುವ ಮುನ್ನ ಈ ಕಥೆ ಓದಬೇಕು. ಒಗೆದು, ಹೊಲಿದು, ಇಸ್ತ್ರಿ ಮಾಡಿ ಕೊಡಿ. "ಬೇಕಾದರೆ ಮಾತ್ರ ತಗೊಳ್ಳಿ" ಅಂತ ಬೇಡ ಅನ್ನುವ ಹಕ್ಕನ್ನೂ ಕೊಡಿ. ನಿಮಗೆ ಯಾರಾದರೂ ಇದನ್ನೇ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಿರಾ ಎಂದು ಕೇಳಿಕೊಂಡರೆ ಸಾಕು.

ಶುರು ಮಾಡುವುದು ಹೇಗೆ?

ಸುಲಭದ್ದರಿಂದ ಶುರು ಮಾಡಿ: ಹರಿದ ಒಳಉಡುಪು, ಬಣ್ಣ ಹೋದ ನೈಟಿ. ಒಂದು ದಿನಕ್ಕೆ ಒಂದೇ ಖಾನೆ. ನಿರ್ಧಾರವಾಗದ ಬಟ್ಟೆಗಳನ್ನು ಒಂದು ಚೀಲದಲ್ಲಿ ಕಟ್ಟಿ ಮೇಲೆ ತಾರೀಖು ಬರೆದಿಡಿ. ಆರು ತಿಂಗಳು ನೆನಪೇ ಆಗದಿದ್ದರೆ ಕೊಡಬಹುದು. ನೆನಪಾಗಿ ಹುಡುಕಿದರೆ ಅದು ನಿಮ್ಮದೇ, ಇಟ್ಟುಕೊಳ್ಳಿ. ನೆನಪು ಬೇಕು, ಬಟ್ಟೆಗೆ ಜಾಗವಿಲ್ಲ ಅನ್ನುವುದಾದರೆ ಫೋಟೋ ತೆಗೆಯಿರಿ, ಗೋಟಾ ಅಂಚಿನ ಒಂದು ತುಂಡು ಕತ್ತರಿಸಿಟ್ಟುಕೊಳ್ಳಿ.

ಮನೆಯ ಗಂಡಸರಿಗೆ, ಬೆಳೆದ ಮಕ್ಕಳಿಗೆ ಒಂದು ಮಾತು. ಅಮ್ಮಿ ಊರಿಗೆ ಹೋದಾಗ ಅವಳ ಕಪಾಟು ಖಾಲಿ ಮಾಡಿ ಸರ್‌ಪ್ರೈಸ್ ಕೊಡಬೇಡಿ. ಚೀಲ ಹಿಡಿಯಿರಿ, ಮೇಲಿನ ಖಾನೆಯದನ್ನು ಇಳಿಸಿಕೊಡಿ, ಕಥೆ ಹೇಳಿದರೆ ಕೇಳಿಸಿಕೊಳ್ಳಿ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದನ್ನು ಮಾತ್ರ ಕೀಲಿ ಯಾರ ಕೈಯಲ್ಲಿದೆಯೋ ಅವರೇ ಹೇಳಲಿ.